ಗ್ರಂಥಾಲಯ ಪಂಚಾಯತಿಗೆ ಬಂತು, ಊರಿಗೆ ಇನ್ನೂ ಬರಬೇಕು

2019ರಲ್ಲಿ ರಾಜ್ಯದ ಸುಮಾರು 5,600 ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದ್ದು ಸರಿಯಾದ ತೀರ್ಮಾನ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅದರಲ್ಲಿ 20ನೆಯದೇ ಗ್ರಂಥಾಲಯ. 2020ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಅಭಿಯಾನ ಶುರುವಾಗಿ ಹಳ್ಳಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಆಮೇಲೆ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂತು. ಇಷ್ಟೆಲ್ಲ ಒಳ್ಳೆಯದೇ. ಆದರೂ ಹಣ ಎಷ್ಟಿದೆ, ಯಾವ ಪುಸ್ತಕ ತರಿಸಬೇಕು, ಬಾಗಿಲು ಯಾವ ಹೊತ್ತಿಗೆ ತೆರೆಯಬೇಕು ಎಂಬುದನ್ನು ಓದುಗರೇ ತೀರ್ಮಾನಿಸುವ ತನಕ ಗ್ರಂಥಾಲಯ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ಹೋಗಿದೆ ಅಷ್ಟೆ.

ಮೊದಲು ಹಣದ ಮಾತು. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ, ಶಿಕ್ಷಣ, ಭಿಕ್ಷುಕರ ಉಪಕರಗಳ ಸಾಲಿನಲ್ಲೇ ಗ್ರಂಥಾಲಯ ಉಪಕರವೂ ಇದೆ, ನೂರಕ್ಕೆ 6 ರೂಪಾಯಿ. ವರ್ಷಕ್ಕೆ 10 ಲಕ್ಷ ಕಂದಾಯ ವಸೂಲಾಗುವ ಪಂಚಾಯತಿಯಲ್ಲಿ ಇದು 60,000 ಆಗುತ್ತದೆ. ದಿನಕ್ಕೆ ನಾಲ್ಕು ಪತ್ರಿಕೆ, ಒಂದಕ್ಕೆ 7 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ಹತ್ತು ಸಾವಿರ. ಕರೆಂಟು, ಇಂಟರ್ನೆಟ್ಟಿಗೆ ತಿಂಗಳಿಗೆ 1,000ದಂತೆ ಹನ್ನೆರಡು ಸಾವಿರ. ಬೈಂಡಿಂಗ್, ರಿಪೇರಿಗೆ ಮೂರು ಸಾವಿರ ತೆಗೆದಿಟ್ಟರೂ 35,000ದಷ್ಟು ಉಳಿಯುತ್ತದೆ. ಪುಸ್ತಕದ ಸರಾಸರಿ ಬೆಲೆ 120 ರೂಪಾಯಿ ಎಂದರೂ ವರ್ಷಕ್ಕೆ ಹತ್ತಿರ ಹತ್ತಿರ 290 ಹೊಸ ಪುಸ್ತಕ!

ಹಾಗಿದ್ದರೆ ದುಡ್ಡಿಲ್ಲ ಎನ್ನುವ ಮಾತು ಎಲ್ಲಿಂದ ಬರುತ್ತದೆ? ಉಪಕರ ಸಾಮಾನ್ಯ ಖಾತೆಯಲ್ಲೇ ಉಳಿದರೆ ಬೋರ್‌ವೆಲ್ ಮೋಟಾರು ಸುಟ್ಟಾಗ, ಬೀದಿ ದೀಪದ ಬಿಲ್ಲು ಬಂದಾಗ ಕರಗಿಹೋಗುತ್ತದೆ. ಇದರಲ್ಲಿ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಒಬ್ಬರನ್ನೇ ದೂರಿ ಫಲವಿಲ್ಲ. ನೀರು ನಿಂತರೆ ಕೊಡ ಹಿಡಿದು ಊರೇ ಪಂಚಾಯತಿ ಮುಂದೆ ಬರುತ್ತದೆ, ಪುಸ್ತಕ ಬರದಿದ್ದರೆ ಕೇಳುವವರಿಲ್ಲ. ಆದ್ದರಿಂದ ಗ್ರಂಥಾಲಯಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಬೇಕು. ಒಂದು ತಿಂಗಳ ವಸೂಲಿಯ ಉಪಕರ ಮುಂದಿನ ತಿಂಗಳ 10ರೊಳಗೆ ಆ ಖಾತೆಗೆ ಬೀಳಬೇಕು. ಜಮಾ-ಖರ್ಚಿನ ಹಾಳೆ ಗ್ರಂಥಾಲಯದ ನೋಟಿಸ್ ಬೋರ್ಡಿನಲ್ಲಿರಬೇಕು, ಪಂಚಾಯತಿಯ ಲೆಕ್ಕವನ್ನು ಜನರ ಮುಂದಿಡುವ ಜಮಾಬಂದಿಯ ದಿನ ಅದನ್ನೂ ಓದಿ ಹೇಳಬೇಕು. ಕಂದಾಯವೇ ಒಂದೂವರೆ ಲಕ್ಷ ದಾಟದ ಪಂಚಾಯತಿಗಳ ಪಾಡು ಬೇರೆ: ಅಲ್ಲಿ ಉಪಕರ 9,000, ಅದು ಪತ್ರಿಕೆಗೇ ಸಾಲದು. ಅಂಥಲ್ಲಿ ಕೊರತೆಯನ್ನು ಸರ್ಕಾರವೇ ತುಂಬಬೇಕು.

ಮೇಲ್ವಿಚಾರಕರ ಸಂಬಳವನ್ನು ಮಾತ್ರ ಈ ಉಪಕರಕ್ಕೆ ಗಂಟುಹಾಕಬಾರದು. ಸಮುದಾಯ ನೋಡಿಕೊಳ್ಳುತ್ತದೆ ಎಂದು ಹೇಳಿ ಊರಿನ ಓದಿದ ಹುಡುಗರಿಂದ ಬಿಟ್ಟಿ ಕೆಲಸ ಮಾಡಿಸುವ ಯೋಚನೆ ಬಂದ ದಿನವೇ ಗ್ರಂಥಾಲಯಕ್ಕೆ ಬೀಗ ಬಿತ್ತೆಂದು ತಿಳಿಯಿರಿ. ಪರೀಕ್ಷೆ ಹತ್ತಿರ ಬಂದರೆ ಅವರು ಬರುವುದಿಲ್ಲ, ಕೆಲಸ ಸಿಕ್ಕರೆ ಬೆಂಗಳೂರಿಗೆ ಹೊರಡುತ್ತಾರೆ. ಸಂಬಳ ಸರ್ಕಾರದ್ದು, ಉಸ್ತುವಾರಿ ಊರಿನದು. ಈ ಗೆರೆ ಅಳಿಸಬಾರದು.

ಕೇರಳದಲ್ಲಿ 1945ರಲ್ಲಿ ಪಿ.ಎನ್. ಪಣಿಕ್ಕರ್ 47 ಗ್ರಂಥಾಲಯಗಳನ್ನು ಸೇರಿಸಿ ಸಂಘ ಕಟ್ಟಿದರು. ಅಲ್ಲಿನ ಹಳ್ಳಿ ಗ್ರಂಥಾಲಯಗಳನ್ನು ಸದಸ್ಯರೇ ಆರಿಸಿದ ಸಮಿತಿಗಳು ನಡೆಸುತ್ತವೆ. 1989ರ ಕಾಯ್ದೆಯ ಪ್ರಕಾರ ಗ್ರಂಥಾಲಯ ಪರಿಷತ್ತು ಅನುದಾನ ಕೊಡುತ್ತದೆ. ನಮ್ಮಲ್ಲಿ ಸಮಿತಿ ಎಂದ ಕೂಡಲೇ ಅಧ್ಯಕ್ಷರು, ಉಪಾಧ್ಯಕ್ಷರು, ಮುಖ್ಯೋಪಾಧ್ಯಾಯರು ಎಂದು ಪದನಿಮಿತ್ತ ಹೆಸರುಗಳೇ ತುಂಬುತ್ತವೆ. ಅವರಿಗೆ ಪುರುಸೊತ್ತಿರುವುದಿಲ್ಲ, ಸಭೆ ಸಹಿಯಲ್ಲೇ ಮುಗಿಯುತ್ತದೆ. ಒಂಬತ್ತು ಜನರ ಸಮಿತಿ ಸಾಕು. ಆರು ಜನ ಓದುಗರಿಂದಲೇ ಬರಲಿ, ಒಟ್ಟಿನಲ್ಲಿ ಐವರಾದರೂ ಹೆಂಗಸರಿರಲಿ, ಇಬ್ಬರು ಪರಿಶಿಷ್ಟ ಜಾತಿ, ಪಂಗಡದ ಕೇರಿಗಳಿಂದ ಇರಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಊರಿನ ಕೈಗೆ ಕೊಟ್ಟದ್ದು ಬಹಳ ಸಲ ಊರಿನ ಒಂದು ಜಾತಿಯ ಕೈಗೆ ಹೋಗುತ್ತದೆ. ಗ್ರಂಥಾಲಯವನ್ನು ದೇವಸ್ಥಾನದ ಪಡಸಾಲೆಗೋ ಒಂದು ಜಾತಿಯ ಭವನಕ್ಕೋ ಸಾಗಿಸಿದರೆ ಕೇರಿಯ ಮಕ್ಕಳು ಹೊಸ್ತಿಲಲ್ಲೇ ನಿಲ್ಲುತ್ತಾರೆ. ಶಾಲೆಯ ಪಕ್ಕದ ಸರ್ಕಾರಿ ಕಟ್ಟಡ, ಎಷ್ಟೇ ಚಿಕ್ಕದಿರಲಿ, ಅದಕ್ಕಿಂತ ಸಾವಿರ ಪಾಲು ಮೇಲು.

ಸಮಿತಿ ಅಧಿಕಾರ ವಹಿಸಿಕೊಳ್ಳುವ ದಿನ ಪುಸ್ತಕಗಳ ತಾಳೆ ಆಗಲೇಬೇಕು. ಒಬ್ಬರು ಪುಸ್ತಕದ ಮೇಲಿನ ನಂಬರ್ ಓದಬೇಕು, ಇನ್ನೊಬ್ಬರು ಸ್ಟಾಕ್ ರಿಜಿಸ್ಟರಿನಲ್ಲಿ ಗುರುತು ಹಾಕಬೇಕು. 3,000 ಪುಸ್ತಕವಿದ್ದರೆ ಎರಡು ಜೋಡಿ ಕೂತರೆ ಎರಡು ದಿನದ ಕೆಲಸ. ಕಾಣೆಯಾದವು, ಹರಿದವು, ಹತ್ತು ವರ್ಷದಿಂದ ಯಾರೂ ಮುಟ್ಟದವು ಎಂದು ಬೇರೆ ಬೇರೆ ಪಟ್ಟಿ ಮಾಡಿ ಎಲ್ಲರೂ ಸಹಿ ಹಾಕಿ. ಇದನ್ನು ಬಿಟ್ಟರೆ ಹಳೆಯ ನಷ್ಟವೆಲ್ಲ ಈಗಿರುವ ಮೇಲ್ವಿಚಾರಕರ ತಲೆಗೆ ಬರುತ್ತದೆ.

ಹಳ್ಳಿ ಗ್ರಂಥಾಲಯಗಳ ದೊಡ್ಡ ರೋಗವೂ ಇಲ್ಲೇ ಇದೆ. ಕಳೆದುಹೋದ ಪುಸ್ತಕದ ದುಡ್ಡು ತನ್ನ ಸಂಬಳದಿಂದ ಮುರಿಯುತ್ತಾರೆ ಎಂಬ ಭಯವಿದ್ದರೆ ಯಾರೇ ಆದರೂ ಬೀರುವಿಗೆ ಬೀಗ ಹಾಕುತ್ತಾರೆ. ಮಕ್ಕಳು ಗಾಜಿನ ಹೊರಗಿಂದ ಹೆಸರು ಓದಿಕೊಂಡು ಹೋಗುತ್ತಾರೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದನ್ನು ಸಹಜ ನಷ್ಟ ಎಂದು ಒಪ್ಪುತ್ತವೆ. ಇದೇ ಅಳತೆಯನ್ನು ನಮ್ಮ ಪಂಚಾಯತಿ ಗ್ರಂಥಾಲಯಗಳಿಗೂ ಬರಹದಲ್ಲಿ ಒಪ್ಪಿ ಆದೇಶ ಹೊರಡಿಸಲಿ. ಬೀರುಗಳ ಬೀಗ ತಾನಾಗಿ ತೆರೆಯುತ್ತದೆ.

ಹರಿದ ಪುಸ್ತಕಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಎರಡು ವರ್ಷದಲ್ಲಿ ಹಳದಿಯಾಗಿ ಹಾಳೆಯನ್ನೂ ಕಿತ್ತುಕೊಂಡು ಬರುತ್ತದೆ. ಮೈದಾ ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಹುಳ ಬೀಳುವುದಿಲ್ಲ. ಮೈಲುತುತ್ತ ವಿಷ, ಮಕ್ಕಳ ಕೈಗೆ ಸಿಗದಂತಿರಲಿ. ಬೀರು ಗೋಡೆಗೆ ತಾಗಿರಬಾರದು, ನಾಲ್ಕು ಬೆರಳು ಜಾಗ ಬಿಡಿ. ಗೆದ್ದಲು ಗೋಡೆಯಿಂದಲೇ ಬರುವುದು.

ವೇಳೆಯನ್ನು ಕಚೇರಿಯ ಗಡಿಯಾರ ನೋಡಿ ಇಟ್ಟರೆ ಕೆಲಸಕ್ಕೆ ಬಾರದು. ಬೆಳಿಗ್ಗೆ ಹತ್ತರಿಂದ ಐದರ ನಡುವೆ ಹೆಚ್ಚು ಹೊತ್ತು ಮಕ್ಕಳು ಶಾಲೆಯಲ್ಲಿ, ದೊಡ್ಡವರು ಹೊಲದಲ್ಲಿ ಅಥವಾ ಕೂಲಿಯಲ್ಲಿ. ಹೆಂಗಸರಿಗೆ ಬಿಡುವು ಸಿಗುವುದು ಮಧ್ಯಾಹ್ನ ಎರಡರ ಮೇಲೆ, ಮಕ್ಕಳಿಗೆ ನಾಲ್ಕೂವರೆಯ ಮೇಲೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಸಂಜೆ. ಎರಡರಿಂದ ಎಂಟು ಬಹಳ ಊರುಗಳಿಗೆ ಹೊಂದುತ್ತದೆ. ಸುಗ್ಗಿಯಲ್ಲಿ ಬೇಕಾದರೆ ಬದಲಿಸಿ, ಸಮಿತಿ ಇರುವುದೇ ಅದಕ್ಕೆ.

ಪುಸ್ತಕದ ಆಯ್ಕೆಗೆ ಬಾಗಿಲ ಬಳಿ ಒಂದು ಬೇಡಿಕೆ ಪುಸ್ತಕ ತೂಗುಹಾಕಿ. ಸಗಟು ಖರೀದಿಯಲ್ಲಿ ಮೇಲಿನಿಂದ ಬಂದ ಕಟ್ಟುಗಳು ಬಿಚ್ಚದೆ ಬಿದ್ದಿರುವುದು ಯಾರೂ ಅವನ್ನು ಕೇಳಿರಲಿಲ್ಲವಾದ್ದರಿಂದ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಕೇಳಿದ ಪುಸ್ತಕಗಳನ್ನೂ ಇದಕ್ಕೆ ಸೇರಿಸಿ, ಮೂರು ತಿಂಗಳಿಗೊಮ್ಮೆ ಖರೀದಿ ಮಾಡಿ.

ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಪ್ರತ್ಯೇಕ ಖಾತೆ, ಸಮಿತಿಯ ಆಯ್ಕೆ, ಬಾಗಿಲು ತೆರೆಯುವ ವೇಳೆ ಇವಿಷ್ಟನ್ನೂ ಪ್ರಸ್ತಾಪಿಸಿ. ಚಪ್ಪಾಳೆಗೆ ಬಿಡಬೇಡಿ, ನಡಾವಳಿ ಪುಸ್ತಕದಲ್ಲಿ ನಿರ್ಣಯವೆಂದು ಬರೆಸಿ, ಅದರ ದೃಢೀಕೃತ ಪ್ರತಿಗೆ ಅಂದೇ ಅರ್ಜಿ ಕೊಡಿ.