ಆ ಹಸಿರು ಎಲೆ ಪಕ್ಕ

ಕುತ್ತಿಗೆ ಇನ್ನೂ ಎಡಕ್ಕೆ ತಿರುಗುತ್ತಿಲ್ಲ. ಅಕ್ಕ ಎರಡು ಸಲ ಮುಲಾಮು ತಿಕ್ಕಿದ್ದಾಳೆ. ಕಾರಣ ಇಬ್ಬರು: ಸುಮಾರು 5 ಗ್ರಾಂ ತೂಗುವ ಒಂದು ಹಕ್ಕಿ, 85 ಕಿಲೋ ತೂಗುವ ನನ್ನ ಭಾವ.

ಭಾವನಿಗೆ ಕೋಸ್ಟರಿಕಾದಲ್ಲಿ ಕೆಲಸ. ರಜೆಗೆಂದು ಬಂದ ನನ್ನನ್ನು ಕತ್ತಲಲ್ಲೇ ಎಬ್ಬಿಸಿ ಸರಪಿಕಿಯ ಮಳೆಕಾಡಿಗೆ ಕರೆದೊಯ್ದರು. ಕಾಫಿ ಬೆಳೆಯುವ ದೇಶದಲ್ಲಿ ಒಂದು ಲೋಟ ಕಾಫಿಯನ್ನೂ ಕೊಡದೆ!

"ಬ್ಲ್ಯಾಕ್-ಕ್ಯಾಪ್ಡ್ ಪಿಗ್ಮಿ ಟೈರಂಟ್ ತೋರಿಸ್ತೇನೆ ಬಾ" ಅಂದಿದ್ದರು. ಟೈರಂಟ್ ಅಂದರೆ ದಬ್ಬಾಳಿಕೆ ನಡೆಸುವ ದೊರೆ, ಅಲ್ವಾ? ನಾನು ಹದ್ದಿನಂಥದ್ದೇನೋ ಅಂದುಕೊಂಡೆ. ನೋಡಿದರೆ ಅದೊಂದು ನೊಣಹಿಡುಕ. ಉದ್ದ 6.5 ಸೆಂಟಿಮೀಟರ್, ನನ್ನ ಹೆಬ್ಬೆರಳಿನಷ್ಟು. ಅಮೆರಿಕ ಖಂಡಗಳಲ್ಲಷ್ಟೇ ಇರುವ ಈ ಟೈರಂಟ್ ಕುಟುಂಬದಲ್ಲಿ 400ಕ್ಕೂ ಜಾಸ್ತಿ ಜಾತಿಗಳಿವೆ. ಭಾವ ಹುಡುಕಿ ಹುಡುಕಿ ಆರಿಸಿದ್ದು ಕಣ್ಣಿಗೇ ಕಾಣದ್ದನ್ನು.

ಎಲ್ಲೋ ಪುಟ್ಟ ಕಪ್ಪೆ ಕೀಚಲಾಗಿ ಕೂಗಿದಂತಾಯಿತು. ನಾನು ನೆಲ ನೋಡಿದೆ. ಭಾವ ಮರ ನೋಡಿದರು. ಅದೇ ಹಕ್ಕಿಯಂತೆ.

"ಅಲ್ಲೇ ಇದೆಯಲ್ಲೋ!"

"ಎಲ್ಲಿ ಭಾವ?"

"ಆ ಹಸಿರು ಎಲೆ ಪಕ್ಕ."

ಮಳೆಕಾಡಿನಲ್ಲಿ ನಿಂತು ಹೇಳುವ ಗುರುತೇ ಇದು? "ಯಾವ ಎಲೆ?" ಅಂದೆ. "ಅಲ್ಲಾಡ್ತಾ ಇದೆಯಲ್ಲ, ಅದು." ಗಾಳಿಗೆ ಇಡೀ ಕಾಡೇ ಅಲ್ಲಾಡುತ್ತಿತ್ತು. "ಅದರ ಹಿಂದೆ ಇನ್ನೊಂದು ಎಲೆ, ಅದರ ಎಡಕ್ಕೆ." ಭಾವ ಮದುವೆಮನೆಗೆ ದಾರಿ ಹೇಳುವುದೂ ಹೀಗೆಯೇ. ಒಮ್ಮೆ "ತೆಂಗಿನ ಮರದ ಹತ್ರ ತಿರುಗು" ಅಂದಿದ್ದರು, ಕುಮಟಾದಲ್ಲಿ! ಊಟದ ಕೊನೇ ಪಂಕ್ತಿಯೂ ಎದ್ದ ಮೇಲೆ ತಲುಪಿದ್ದೆ.

"ಕಣ್ಣ ಸುತ್ತ ಬಿಳಿ ಕನ್ನಡಕ ಹಾಕಿದ ಹಾಗಿದೆ, ನೋಡು ನೋಡು" ಅಂತ ಪಿಸುಗುಟ್ಟಿದರು. ನನ್ನ ಕನ್ನಡಕ ಆಗಲೇ ಸೆಕೆಗೆ ಮಂಜಾಗಿತ್ತು. ಒರೆಸಿಕೊಂಡೆ. ಎಲೆ, ಎಲೆ, ಎಲೆ.

ಚಿಕ್ಕವನಿದ್ದಾಗ ರಸ್ತೆಯಲ್ಲಿ ನಡೆಯುತ್ತಲೇ ಎಲೆ ಮರೆಯ ಮಾವಿನ ಮಿಡಿ ನನ್ನ ಕಣ್ಣಿಗೆ ಬೀಳುತ್ತಿತ್ತು. "ನಿನ್ನ ಕಣ್ಣು ಗಿಡುಗನದ್ದು" ಅನ್ನುತ್ತಿದ್ದ ಅಪ್ಪ, ಸೂಜಿಗೆ ದಾರ ಪೋಣಿಸಲೂ ನನ್ನನ್ನೇ ಕರೆಯುತ್ತಿದ್ದ. ಈಗ ಆ ಕಣ್ಣೂ ಇಲ್ಲ, ಕರೆಯಲು ಅಪ್ಪನೂ ಇಲ್ಲ.

ಮುಕ್ಕಾಲು ಗಂಟೆ ಕಳೆಯಿತು. ಹೊಟ್ಟೆ ತಾಳ ಹಾಕುತ್ತಿತ್ತು. ಸಾಕಪ್ಪಾ ಸಾಕು ಅನಿಸಿ "ಹಾಂ, ಕಾಣ್ತು!" ಅಂದುಬಿಟ್ಟೆ. ಸುಮ್ನೆ ಅಷ್ಟಕ್ಕೇ ಬಿಡಬೇಕಿತ್ತು. ನಂಬಿಕೆ ಬರಲಿ ಅಂತ "ಬಾಲ ಎಷ್ಟು ಚಂದ ಇದೆ ಭಾವ, ಉದ್ದಕ್ಕೆ!" ಅಂತಲೂ ಸೇರಿಸಿದೆ.

ಭಾವ ಬೈನಾಕ್ಯುಲರ್ ಇಳಿಸಿದರು. ಏನೂ ಅನ್ನದೆ ಚೀಲದಿಂದ ಹಕ್ಕಿ ಪುಸ್ತಕ ತೆಗೆದು ಚಿತ್ರ ತೋರಿಸಿದರು. ಬಾಲ ಅನ್ನುವಂಥದ್ದೇ ಇಲ್ಲ. ಯಾರೋ ಕತ್ತರಿಸಿಟ್ಟ ಹಾಗೆ ಒಂದು ಮೋಟು ತುಂಡು.

ನಾಳೆ ನಾಲ್ಕೂವರೆಗೇ ಹೊರಡಬೇಕಂತೆ.