ಕಾದಂಬರಿ ಕಾಮಗಾರಿ ಪ್ರಗತಿಯಲ್ಲಿದೆ

ಹಾಸನ ಜಿಲ್ಲೆಯಲ್ಲಿ ಅರ್ಧಕ್ಕೆ ನಿಂತ ಕೆಲಸಕ್ಕೆ ನಾಚಿಕೊಳ್ಳುವವರು ನನಗೆ ಗೊತ್ತಿರುವಂತೆ ಒಬ್ಬರೇ. ನಮ್ಮ ಬೀದಿಯ ಹೈಸ್ಕೂಲ್ ಮೇಷ್ಟ್ರು.

ಅವರೊಂದು ಕಾದಂಬರಿ ಬರೆಯುತ್ತಿದ್ದಾರೆ. ಮೂರನೇ ಅಧ್ಯಾಯದಲ್ಲಿ ಸಕಲೇಶಪುರದ ಬಸ್ಸಿಗೆ ಕಾಯುತ್ತಾ ನಿಂತ ನಾಯಕಿ ಇನ್ನೂ ಬಸ್ಸು ಹತ್ತಿಲ್ಲ. ರಾತ್ರಿ ಊಟ ಆದ ಮೇಲೆ ಮೇಷ್ಟ್ರು ಲಾಂಗ್ ಬುಕ್ ತೆಗೆದು 'ಬಸ್ಸು ಬಂತು' ಅಂತ ಬರೆಯುತ್ತಾರೆ. ಅದನ್ನು ಹೊಡೆದು 'ಬಂದಿತ್ತು' ಮಾಡುತ್ತಾರೆ. ಸುಮಾರು ಹೊತ್ತು ನೋಡಿ, ಮತ್ತೆ 'ಬಂತು' ಮಾಡಿ, ಲೈಟ್ ಆರಿಸುತ್ತಾರೆ. ಒಳ್ಳೆ ಸಾಲು ಹೊಳೆದರೆ ನಡುರಾತ್ರಿ ಹೆಂಡತಿಯನ್ನು ಎಬ್ಬಿಸಿ ಓದಿ ಹೇಳುತ್ತಾರೆ. ಬೆಳಗಾದರೆ ಅದೇ ಸಾಲು ಸಪ್ಪೆ ಅನಿಸಿ ಹಾಳೆ ಹರಿಯುತ್ತಾರೆ.

"ಏನ್ ಮೇಷ್ಟ್ರೇ, ಎಲ್ಲಿಗ್ ಬಂತು ಕಾದಂಬರಿ?" ಅಂತ ಯಾರಾದರೂ ಕೇಳಿದರೆ ಅರ್ಧ ಟೀ ಬಿಟ್ಟು ಎದ್ದುಬಿಡುತ್ತಾರೆ. 2025ರಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲಂತೂ ಈ ಪ್ರಶ್ನೆ ಜಾಸ್ತಿಯಾಗಿದೆ. ಆ ಪ್ರಶಸ್ತಿ ಬಂದ ಪುಸ್ತಕದ 12 ಕತೆಗಳು 1990ರಿಂದ 2023ರವರೆಗೆ ಬರೆದವು ಅಂತ ಓದಿದ ದಿನ ಮಾತ್ರ ಮೇಷ್ಟ್ರು ಹೊಟ್ಟೆ ತುಂಬ ಉಂಡರಂತೆ. ಅವು ಬರೆದು ಮುಗಿಸಿದ ಕತೆಗಳು ಅನ್ನೋದನ್ನ ನಾನೂ ನೆನಪಿಸಲಿಲ್ಲ.

ಅಲ್ಲ, ಇವರಿಗ್ಯಾಕೆ ನಾಚಿಕೆ? ಬೂವನಹಳ್ಳಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದದ್ದು 2007ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳಿಗೆ ವೋಟು ಬಂತು, ಊರಿಗೆ ವಿಮಾನ ಬರಲಿಲ್ಲ. ಅದಕ್ಕಾಗಿ ಯಾವ ನಾಯಕರಾದರೂ ಟೀ ಬಿಟ್ಟು ಎದ್ದದ್ದುಂಟಾ? ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆ 2012ರಲ್ಲಿ 8,323 ಕೋಟಿ ರೂಪಾಯಿಯದ್ದು. ಆಮೇಲೆ 12,912 ಕೋಟಿ. ಆಮೇಲೆ 23,251 ಕೋಟಿ. ಇದಕ್ಕೆ 'ಪರಿಷ್ಕೃತ ಅಂದಾಜು' ಅಂತ ಮರ್ಯಾದೆಯ ಹೆಸರಿದೆ. ಮೇಷ್ಟ್ರ ಇನ್ನೂರು ಪುಟ ಆರುನೂರಾದರೆ ಮಾತ್ರ ಮನೆಯಲ್ಲಿ "ನಿಮ್ ಕೈಲಾಗಲ್ಲ ಬಿಡಿ" ಅಂತಾರೆ.

ಅದಕ್ಕೇ ನಾನೊಂದು ದಾರಿ ಹೇಳಿದೆ. ಕಾದಂಬರಿಯನ್ನು ಕಾಮಗಾರಿ ಮಾಡಿಬಿಡಿ. ಗೇಟಿಗೆ 'ಅಡಚಣೆಗಾಗಿ ವಿಷಾದಿಸುತ್ತೇವೆ' ಬೋರ್ಡು ಹಾಕಿ. ಮಳೆಗಾಲದಲ್ಲಿ ಪೆನ್ನು ಮುಟ್ಟಬೇಡಿ. ಕತೆ ಕುಸಿದರೆ, ಶಿರಾಡಿಯಲ್ಲಿ ಗುಡ್ಡ ಕುಸಿದಾಗ ಮಾಡುವ ಹಾಗೆ, ತಪ್ಪನ್ನು ಮಳೆ ಮೇಲೆ ಹಾಕಿ. ಎರಡನೇ ಅಧ್ಯಾಯದ ಗುಂಡಿ ಮುಚ್ಚೋಕೆ ಬೇರೆ ಟೆಂಡರ್. ವಿಮರ್ಶಕರು ಬಂದರೆ "ಅದು ಹಿಂದಿನ ಸರ್ಕಾರದ ಕಾಲದ್ದು" ಅನ್ನಿ.

ಮೇಷ್ಟ್ರು ಒಪ್ಪಲಿಲ್ಲ. "ಹಳೇಬೀಡಿಗೂ ಶಿಖರ ಇಲ್ಲ. 2023ರಲ್ಲಿ ಯುನೆಸ್ಕೋದವರು ಪಟ್ಟಿಗೆ ಸೇರಿಸಲಿಲ್ವಾ?" ಅಂದೆ.

"ಗೋಡೆ ನೋಡಿದ್ದೀರಾ? ಕೆಳಗಿನ ಸಾಲಿನ ಒಂದು ಆನೆ ಇನ್ನೊಂದರ ಥರ ಇಲ್ಲ. ಅವರು ಅಷ್ಟು ಕೆಲಸ ಮಾಡಿ ಬಿಟ್ಟೋರು, ಸ್ವಾಮಿ" ಅಂದರು. ಇಂಥವರಿಗೆ ಯಾರೂ ಗುತ್ತಿಗೆ ಕೊಡಲ್ಲ.

ಕೊನೆಗೆ ಅಡಿಗಲ್ಲಿಗೆ ಮಾತ್ರ ಒಪ್ಪಿಸಿದೆ. ಕಲ್ಲು ರೆಡಿಯಾಗಿದೆ. ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಹಾಲಿಗಳು, ಮಾಜಿಗಳು ಎಲ್ಲರ ಹೆಸರೂ ಅದರಲ್ಲಿ ಹಿಡಿಸಿದೆ. ಕಾದಂಬರಿಕಾರರ ಹೆಸರಿಗೆ ಜಾಗ ಸಾಲಲಿಲ್ಲ. ಮೇಷ್ಟ್ರಿಗೆ ಅದರ ಬೇಜಾರಿಲ್ಲ, ಬೇರೆಯೇ ಚಿಂತೆ.

"ಅಲ್ಲಾ ಸ್ವಾಮಿ, ಯಾವಾಗ ಮುಗಿಯುತ್ತೆ ಅಂತ ಯಾರಾದ್ರೂ ಕೇಳಿದ್ರೆ?"

"ಅಡಿಗಲ್ಲು ಹಾಕಿದ ಮೇಲೆ ಯಾರು ಕೇಳ್ತಾರೆ ಮೇಷ್ಟ್ರೇ!"