ಆಸ್ಕರ್ ಎಂಬ ಹೆಸರು ಸ್ವೀಡನ್‌ನಿಂದ ಬಂದದ್ದೇ?

ಮತ್ತೆ ಮತ್ತೆ ಫಾರ್ವರ್ಡ್ ಆಗುವ ಕಥೆ ಹೀಗಿದೆ: ಡಬ್ಲಿನ್‌ನ ಕಣ್ಣಿನ ವೈದ್ಯ ವಿಲಿಯಂ ವೈಲ್ಡ್ ಸ್ವೀಡನ್ ದೊರೆ ಒಂದನೇ ಆಸ್ಕರ್‌ಗೆ ಚಿಕಿತ್ಸೆ ನೀಡಿದರು, ಅದಕ್ಕೇ ಮಗನಿಗೆ ದೊರೆಯ ಹೆಸರಿಟ್ಟರು, ಆ ಮಗನೇ ಲೇಖಕ ಆಸ್ಕರ್ ವೈಲ್ಡ್.

ಇದನ್ನು ನಂಬಬೇಕಾಗಿಲ್ಲ. ವಿಲಿಯಂ ವೈಲ್ಡ್‌ಗೆ ಸ್ವೀಡನ್ನಿನ ಗೌರವ ಸಂದದ್ದು ನಿಜ, ಆದರೆ ಅದು 1862ರಲ್ಲಿ. ಮಗ ಹುಟ್ಟಿದ್ದು 1854ರಲ್ಲಿ. ಮಗುವಿನ ಹೆಸರಿನಲ್ಲಿ ಆಸ್ಕರ್ ಜೊತೆಗೆ ಫಿಂಗಲ್ ಕೂಡ ಇದೆ. ಎರಡೂ ಗೇಲಿಕ್, ಅಂದರೆ ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಹಳೆಯ ಭಾಷೆಯ, ವೀರಗಾಥೆಯವು. ಐರಿಷ್ ರಾಷ್ಟ್ರೀಯತೆಯ ಕವಯಿತ್ರಿಯಾಗಿದ್ದ ತಾಯಿ ಜೇನ್, ಆ ಪುರಾಣದ ಸೊಗಸಿಗೆ ಮನಸೋತೇ ಹೆಸರು ಆರಿಸಿದ್ದಾಗಿ ಪತ್ರದಲ್ಲಿ ಬರೆದಿದ್ದಾರೆ.

ಆ ಗಾಥೆಯಲ್ಲಿ ಆಸ್ಕರ್ ಎಂಬವನು ಓಶೀನನ ಮಗ, ಫಿನ್ ಮಕೂಲನ (ಫಿಂಗಲ್ ಎಂದರೆ ಇವನೇ) ಮೊಮ್ಮಗ. ಗೌರಾ ಕಾಳಗದಲ್ಲಿ ದೊರೆ ಕೈರ್ಬ್ರೆಯನ್ನು ಕೊಂದು ತಾನೂ ಮಡಿಯುತ್ತಾನೆ. ಅಭಿಮನ್ಯುವಿಗೆ ಮರುಗಿದವರಿಗೆ ಆ ಶೋಕ ಸುಲಭವಾಗಿ ಅರ್ಥವಾಗುತ್ತದೆ.

ನನಗೆ ಅತ್ಯಂತ ಸ್ವಾರಸ್ಯವೆನಿಸುವುದು ಸ್ವೀಡನ್ನಿನ ಅರಮನೆಗೇ ಈ ಹೆಸರು ಗೇಲಿಕ್ ಮೂಲದಿಂದ ಹೋಯಿತೆಂಬುದು. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಮ್ಯಾಕ್‌ಫರ್ಸನ್ ಇದೇ ಗಾಥೆಯನ್ನು ಆಧರಿಸಿ ಪ್ರಕಟಿಸಿದ ಓಸಿಯನ್ (ಓಶೀನನ ಇನ್ನೊಂದು ರೂಪ) ಕಾವ್ಯಗಳು ಯುರೋಪನ್ನೆಲ್ಲ ಆವರಿಸಿದವು. ನೆಪೋಲಿಯನ್ ಅವುಗಳ ಅಭಿಮಾನಿ. 1799ರಲ್ಲಿ ಫ್ರೆಂಚ್ ಸೇನಾನಿ ಬರ್ನಾಡಾಟ್‌ಗೆ ಪ್ಯಾರಿಸ್‌ನಲ್ಲಿ ಮಗ ಹುಟ್ಟಿದಾಗ, ಆ ಕಾವ್ಯಗಳಿಂದಲೇ ಮಗುವಿಗೆ ಆಸ್ಕರ್ ಎಂಬ ಹೆಸರು ಬಂತು. ಬರ್ನಾಡಾಟ್ 1818ರಲ್ಲಿ ಸ್ವೀಡನ್ನಿನ ದೊರೆಯಾದ, 1844ರಲ್ಲಿ ಮಗ ಪಟ್ಟವೇರಿದ.

ನಮ್ಮ ಕರಾವಳಿಯ ಕ್ರೈಸ್ತರಲ್ಲೂ ಈ ಹೆಸರು ಬಳಕೆಯಲ್ಲಿದೆ. ಕೇಂದ್ರ ಸಚಿವರಾಗಿದ್ದ ಉಡುಪಿಯ ಆಸ್ಕರ್ ಫರ್ನಾಂಡಿಸ್ ಎಲ್ಲರಿಗೂ ಪರಿಚಿತರು.